ಗೆಳೆಯನಿಗೆ ಲಂಡನ್ ತೋರಿಸಿದ್ದು

ಪರದೇಶದ ಊರೊಂದರಲ್ಲಿ ನೆಲೆಸಿದವನಿಗೆ ಆ ಊರನ್ನು ನೋಡುವ ಯೋಗ ಕೂಡಿಬರುವುದು, ತಾಯ್ನಾಡಿನಿಂದ ನೆಂಟರೋ ಗೆಳೆಯರೋ ಬಂದಾಗಲೇ. ಉಳಿದ ದಿನಗಳಲ್ಲಿ ಅವನೂ ಎಲ್ಲರಂತೆ ತಲೆ ತಗ್ಗಿಸಿಕೊಂಡು ರೈಲಿಗೆ ಓಡುತ್ತಾನೆ, ತರಕಾರಿ ತರುತ್ತಾನೆ, ಮಳೆಯನ್ನು ಶಪಿಸುತ್ತಾನೆ. ಹಂಪೆಯ ಆಸುಪಾಸಿನಲ್ಲಿಯೇ ಹುಟ್ಟಿ ಬೆಳೆದು ವಿಜಯವಿಠ್ಠಲನ ಗುಡಿಯನ್ನು ಕಾಣದವರು ಎಷ್ಟು ಮಂದಿ ಇಲ್ಲ! ಹಬ್ಬ ಬಂದಾಗ ಅಟ್ಟದ ಮೇಲಿನ ಹಿತ್ತಾಳೆಯ ಪಾತ್ರೆಗಳು ಕೆಳಗಿಳಿದು ಹುಣಸೆಹಣ್ಣಿನ ಉಜ್ಜುವಿಕೆಗೆ ಹೊಳೆಯುವಂತೆ, ಅತಿಥಿ ಬಂದಾಗ ಊರೂ ಹೊಳೆಯತೊಡಗುತ್ತದೆ.

ನಾನು ಲಂಡನ್ನಿಗೆ ಬಂದು ನಾಲ್ಕು ವರ್ಷಗಳಾದುವು. ನನ್ನಾಕೆಗೆ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ದಾದಿಯ ಕೆಲಸ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವನು. ದೀರ್ಘ ರಜೆ ಪಡೆದು ಅವಳೊಡನೆ ಬಂದಿದ್ದೇನೆ. ನಗರದ ಪೂರ್ವಭಾಗದ ಈಸ್ಟ್ ಹ್ಯಾಮ್ ಎಂಬ ಬಡಾವಣೆಯಲ್ಲಿ ನಮ್ಮ ಬಾಡಿಗೆಯ ಮನೆ. ಕಳೆದ ಮೇ ತಿಂಗಳಲ್ಲಿ ಬಾಲ್ಯದ ಗೆಳೆಯನೊಬ್ಬ ನಾಲ್ಕು ದಿನಗಳ ಮಟ್ಟಿಗೆ ನಮ್ಮಲ್ಲಿ ಇಳಿದುಕೊಂಡ. ಮದ್ದೂರಿನ ಕಡೆಯವನು, ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಅವನ ಪೆಟ್ಟಿಗೆಯಲ್ಲಿ ನನ್ನ ತಾಯಿ ಕಳುಹಿಸಿದ್ದ ಸಾರಿನ ಪುಡಿ, ಚಟ್ನಿಪುಡಿಗಳಿದ್ದುವು. ಅವುಗಳ ಜತೆಗೆ ಒಂದು ಆಜ್ಞೆಯೂ ಬಂದಿತ್ತು.

“ನೀನು ಇಲ್ಲಿ ಹೇಗಿದ್ದೀಯ ಅಂತ ನನ್ನ ಕಣ್ಣಾರೆ ನೋಡಿಕೊಂಡು ಬರಬೇಕಂತೆ. ಫೋನಿನಲ್ಲಿ ನೀನು ಯಾವಾಗಲೂ ‘ಚೆನ್ನಾಗಿದ್ದೇನೆ’ ಅಂತಲೇ ಹೇಳುತ್ತೀಯಂತೆ. ಅಮ್ಮನಿಗೆ ಅದರ ಮೇಲೆ ನಂಬಿಕೆ ಇಲ್ಲ ಕಣೋ” ಎಂದು ಅವನು ಮೊದಲ ದಿನವೇ ಹೇಳಿಬಿಟ್ಟ. ಹೀಗಾಗಿ ನಾನು ಊರು ತೋರಿಸುವವನಾಗಿಯೂ, ನೋಡಿಸಿಕೊಳ್ಳುವವನಾಗಿಯೂ ಹೊರಡಬೇಕಾಯಿತು.

ಎರಡು ಸೇತುವೆಗಳು

ಅವನ ಮನಸ್ಸಿನಲ್ಲಿದ್ದ ಲಂಡನ್ ಕ್ಯಾಲೆಂಡರಿನ ಲಂಡನ್. ಎರಡು ಗೋಪುರಗಳ ನಡುವೆ ಬಾಯಿ ತೆರೆಯುವ ಸೇತುವೆಯನ್ನು ಮೊದಲು ನೋಡಬೇಕೆಂದ. ನಮ್ಮ ಬಡಾವಣೆಯಿಂದ ರೈಲು ಬದಲಿಸದೆ ಟವರ್ ಹಿಲ್‌ಗೆ ಹೋಗಬಹುದು. ರೈಲು ಕೆಲವು ನಿಲ್ದಾಣಗಳ ಅನಂತರ ನೆಲದೊಳಕ್ಕೆ ಇಳಿಯಿತು. ಜಗತ್ತಿನ ಮೊದಲ ಭೂಗತ ರೈಲುಮಾರ್ಗ ೧೮೬೩ರಲ್ಲಿ ಈ ನಗರದಲ್ಲಿ ತೆರೆಯಿತೆಂದೂ, ಆಗ ಸುರಂಗದೊಳಗೆ ಓಡುತ್ತಿದ್ದುದು ಹೊಗೆಯುಗುಳುವ ಉಗಿಬಂಡಿಯೆಂದೂ ತಿಳಿಸಿದೆ. “ಮೂಗು ಮುಚ್ಚಿಕೊಂಡೇ ಕಚೇರಿಗೆ ಹೋಗುತ್ತಿದ್ದರೇನೋ!” ಎಂದು ಅವನು ಸುತ್ತಲಿನವರ ಮುಖಗಳನ್ನು ನೋಡಿದ. ಯಾರೂ ಯಾರನ್ನೂ ನೋಡುತ್ತಿರಲಿಲ್ಲ.

ಥೇಮ್ಸ್ ನದಿಯ ದಂಡೆಯಲ್ಲಿ ನಿಂತು, “ಇದೇ ಅಲ್ಲವೇ ಲಂಡನ್ ಬ್ರಿಜ್?” ಎಂದು ಕೇಳಿದ. ಅಲ್ಲ, ಅದು ಟವರ್ ಬ್ರಿಜ್. ೧೮೯೪ರಲ್ಲಿ ತೆರೆದ ಈ ಸೇತುವೆಯ ರೆಕ್ಕೆಗಳನ್ನು ಹಡಗುಗಳು ಬಂದಾಗ ಮೇಲೆತ್ತಲು ೧೯೭೦ರ ದಶಕದವರೆಗೆ ಉಗಿಯ ಶಕ್ತಿಯನ್ನೇ ಬಳಸುತ್ತಿದ್ದರು. ಲಂಡನ್ ಬ್ರಿಜ್ ಎಂಬುದು ಅಲ್ಲಿಂದ ಸ್ವಲ್ಪ ಮೇಲಕ್ಕಿರುವ, ಯಾವ ಅಲಂಕಾರವೂ ಇಲ್ಲದ, ೧೯೭೩ರಲ್ಲಿ ತೆರೆದ ಸೇತುವೆ. ಅದರ ಹಿಂದಿನ ಸೇತುವೆಯನ್ನು ೧೯೬೮ರಲ್ಲಿ ಅಮೆರಿಕದ ಉದ್ಯಮಿಯೊಬ್ಬನಿಗೆ ಮಾರಿಬಿಟ್ಟರು. ಅವನು ಕಲ್ಲುಗಳಿಗೆ ಗುರುತಿನ ಸಂಖ್ಯೆ ಹಾಕಿಸಿ, ಸಮುದ್ರ ದಾಟಿಸಿ, ಅರಿಝೋನಾದ ಮರುಭೂಮಿಯ ಊರೊಂದರಲ್ಲಿ ಮತ್ತೆ ನಿಲ್ಲಿಸಿದ. ೧೯೭೧ರಿಂದ ಅದು ಅಲ್ಲಿದೆ.

ಗೆಳೆಯನಿಗೆ ಇದು ಬಹಳ ಹಿಡಿಸಿತು. “ಸೇತುವೆಯನ್ನೂ ಮಾರುತ್ತಾರೆಯೇ ನಿಮ್ಮ ಊರಿನವರು!” ಎಂದ.

“ನಿಮ್ಮ ಊರು” ಎಂಬ ಮಾತು ನನ್ನ ಕಿವಿಯಲ್ಲಿ ನಿಂತಿತು. “ನಮ್ಮ ಊರಲ್ಲವಯ್ಯ, ಇಲ್ಲಿಯವರ ಊರು” ಎಂದು ತಿದ್ದಿದೆ. ಆದರೆ ಅದೇ ಮಧ್ಯಾಹ್ನ ಅವನು ಚಹದ ಬೆಲೆಯನ್ನು ರೂಪಾಯಿಗೆ ಗುಣಿಸಿ ಹೌಹಾರಿದಾಗ, ನನಗೆ ತಿಳಿಯದಂತೆಯೇ ನಾನು ಈ ಊರಿನ ಪರವಾಗಿ ವಕಾಲತ್ತು ವಹಿಸಿದ್ದೆ: ಇಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬದಲಿಸಿ ಹತ್ತಿದರೂ ಒಂದೇ ದರ, ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳಿಗೆ ೨೦೦೧ರಿಂದ ಪ್ರವೇಶಧನವಿಲ್ಲ. ಅವನು ಮುಗುಳ್ನಕ್ಕ. ಸಾಕ್ಷಿಯ ಟಿಪ್ಪಣಿ ಪುಸ್ತಕದಲ್ಲಿ ಏನೋ ಒಂದು ಬರೆದುಕೊಂಡಂತಿತ್ತು.

ಲಂಡನ್ನಿನ ವೀರಗಲ್ಲುಗಳು

ಮರುದಿನ ಸಂತ ಪಾಲರ ಮಹಾಮಂದಿರಕ್ಕೆ ಹೋದೆವು. ೧೬೬೬ರ ಸೆಪ್ಟೆಂಬರಿನಲ್ಲಿ ರೊಟ್ಟಿ ಮಾಡುವವನೊಬ್ಬನ ಮನೆಯಲ್ಲಿ ಹುಟ್ಟಿದ ಬೆಂಕಿ ಹಳೆಯ ನಗರದ ಬಹುಭಾಗವನ್ನು ನುಂಗಿತು. ಹಳೆಯ ಮಂದಿರವೂ ಉರಿದುಹೋಯಿತು. ಈಗಿನದು ಕ್ರಿಸ್ಟಫರ್ ರೆನ್ ಎಂಬ ಶಿಲ್ಪಿಯ ಕೃತಿ. ೧೬೭೫ರಲ್ಲಿ ಕಟ್ಟಡ ಮೊದಲಾಯಿತು. ವಿಜಯಪುರದ ಗೋಲಗುಂಬಜಿನಂತೆ ಇಲ್ಲಿಯ ಗುಮ್ಮಟದೊಳಗೂ ಪಿಸುಮಾತಿನ ಮೊಗಸಾಲೆಯೊಂದಿದೆ. ಗೋಡೆಗೆ ಬಾಯಿಟ್ಟು ಆಡಿದ ಮಾತು ಎದುರುಬದಿಗೆ ಕೇಳಿಸುತ್ತದೆಂಬುದು ಅದರ ಖ್ಯಾತಿ. ಇದನ್ನು ಹೇಳಿದಾಗ ಗೆಳೆಯ, “ನಮ್ಮದು ಹಳೆಯದು” ಎಂದು ಸಂತೋಷಪಟ್ಟ. ಮಾತು ನಿಜವೇ.

ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಪೋಸ್ಟ್‌ಮನ್ಸ್ ಪಾರ್ಕ್ ಎಂಬ ಪುಟ್ಟ ತೋಟವಿದೆ. ಪ್ರವಾಸಿಗರು ಅಲ್ಲಿಗೆ ಬರುವುದು ಕಡಮೆ. ಮರದ ಚಾವಣಿಯ ಕೆಳಗಿನ ಗೋಡೆಯೊಂದರಲ್ಲಿ ಹೊಳಪಿನ ಹೆಂಚುಗಳ ಫಲಕಗಳು. ಬೇರೆಯವರ ಪ್ರಾಣ ಉಳಿಸಲು ಹೋಗಿ ತಾವು ಸತ್ತ ಸಾಮಾನ್ಯರ ಹೆಸರುಗಳು ಅಲ್ಲಿವೆ. ಜಿ. ಎಫ್. ವಾಟ್ಸ್ ಎಂಬ ಚಿತ್ರಕಾರನ ಯೋಜನೆಯಿದು, ತೆರೆದದ್ದು ೧೯೦೦ರಲ್ಲಿ. ಆಲಿಸ್ ಎಯರ್ಸ್ ಎಂಬ ಕೂಲಿಯವನ ಮಗಳು ೧೮೮೫ರಲ್ಲಿ ಉರಿಯುತ್ತಿದ್ದ ಮನೆಯಿಂದ ಮೂರು ಮಕ್ಕಳನ್ನು ಪಾರುಮಾಡಿ ತಾನು ಉಳಿಯಲಿಲ್ಲ. ಅವಳಿಗೂ ಅಲ್ಲಿ ಒಂದು ಫಲಕ.

ಗೆಳೆಯ ಐವತ್ತಕ್ಕೂ ಹೆಚ್ಚಿನ ಆ ಫಲಕಗಳನ್ನು ಒಂದೂ ಬಿಡದೆ ಓದಿದ. “ಇವು ವೀರಗಲ್ಲುಗಳು ಕಣೋ!” ಎಂದ. ಅವನ ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ದೊರೆತಿದೆ. ಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ನಿಲ್ಲಿಸಿದ ಕಲ್ಲು ಅದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷಗಳ ಅಂತರದ, ಎರಡು ಭಾಷೆಗಳ ಜನ ಒಂದೇ ಬಗೆಯಲ್ಲಿ ಕೃತಜ್ಞತೆಯನ್ನು ಕೆತ್ತಿಟ್ಟಿದ್ದಾರೆ. ಆ ತೋಟದಲ್ಲಿ ಅವನು “ನಿಮ್ಮ ಊರು” ಎನ್ನಲಿಲ್ಲ; ನಾನೂ “ಇಲ್ಲಿಯವರ ಊರು” ಎನ್ನಲಿಲ್ಲ.

ಹುಲಿಯ ಮುಂದೆ

ಮೂರನೆಯ ದಿನ ನಾನು ಅಳುಕುತ್ತಲೇ ಸೌತ್ ಕೆನ್ಸಿಂಗ್ಟನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಅವನನ್ನು ಕರೆದೊಯ್ದೆ. ಟಿಪ್ಪುವಿನ ಹುಲಿ ಅಲ್ಲಿ ಗಾಜಿನ ಪೆಟ್ಟಿಗೆಯೊಳಗಿದೆ. ಮಲಗಿದ ಯೂರೋಪಿಯನ್ನನ ಕತ್ತಿಗೆ ಬಾಯಿಹಾಕಿದ ಮರದ ಹುಲಿ. ಹೊಟ್ಟೆಯೊಳಗೆ ವಾದ್ಯಯಂತ್ರ, ಹಿಡಿಯನ್ನು ತಿರುಗಿಸಿದರೆ ಹುಲಿ ಗುರುಗುಟ್ಟಬೇಕು, ಮನುಷ್ಯ ಕೈಯೆತ್ತಿ ನರಳಬೇಕು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಾಗ ಕಂಪೆನಿಯ ಸೈನ್ಯದ ಕೈಗೆ ಸಿಕ್ಕಿ ಲಂಡನ್ನಿಗೆ ಬಂತು. ಮೊದಲು ಕಂಪೆನಿಯ ಭವನದಲ್ಲಿ ಕುತೂಹಲದ ವಸ್ತುವಾಗಿತ್ತು. ೧೮೮೦ರಲ್ಲಿ ಈ ಸಂಗ್ರಹಾಲಯಕ್ಕೆ ಸೇರಿತು.

ಶಾಲೆಯ ಮಕ್ಕಳ ಗುಂಪೊಂದು ಅದರ ಸುತ್ತ ಕಿಲಕಿಲನೆ ನಗುತ್ತಿತ್ತು. ಗೆಳೆಯ ಮಾತ್ರ ಸುಮ್ಮನೆ ನಿಂತಿದ್ದ. ಶ್ರೀರಂಗಪಟ್ಟಣ ಅವನ ಊರಿಗೆ ಬಸ್ಸಿನ ದಾರಿ. ಪ್ರತಿವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಕೋಟೆಯ ಬಿರುಕನ್ನು ತೋರಿಸುವವನು ಅವನು. ಇಲ್ಲಿ ನನ್ನ ವಕಾಲತ್ತಿನ ಬಾಯಿ ಕಟ್ಟಿತು. ಹುಲಿಯನ್ನು ಹೊತ್ತುತಂದವರ ಊರಿನಲ್ಲಿ ನಾನು ಬಾಡಿಗೆ ಕೊಟ್ಟುಕೊಂಡು ಇದ್ದೇನೆ. ಈ ಊರು ನನ್ನ ಮನೆಗೆ ಅನ್ನ ಕೊಟ್ಟಿದೆ. ಎರಡೂ ದಿಟ.

ಎರಡನೆಯ ಮಹಾಯುದ್ಧದ ಬಾಂಬುದಾಳಿಯಲ್ಲಿ ಮೇಲಿನ ಚಾವಣಿ ಕುಸಿದು ಹುಲಿ ನುಚ್ಚುನೂರಾಗಿತ್ತೆಂದೂ, ಯುದ್ಧ ಮುಗಿದ ಮೇಲೆ ಚೂರುಗಳನ್ನು ಆಯ್ದು ಜೋಡಿಸಿದರೆಂದೂ ಹೇಳಿದೆ. ಅವನು ಬಹಳ ಹೊತ್ತು ನೋಡಿ, “ಕಸಿದವರೂ ಇವರೇ, ಕೂಡಿಸಿದವರೂ ಇವರೇ. ನಮ್ಮ ಹುಡುಗರಿಗೆ ಎರಡನ್ನೂ ಹೇಳಬೇಕು. ಆದರೆ ಮೊದಲನೆಯದನ್ನು ಮೊದಲು ಹೇಳುತ್ತೇನೆ” ಎಂದ.

ಅಂದು ಸಂಜೆ ಥೇಮ್ಸ್‌ನ ಆಲ್ಬರ್ಟ್ ದಂಡೆಗೆ ಹೋದೆವು. ನದಿಯಾಚೆ ಪಾರ್ಲಿಮೆಂಟು ಭವನ. ಈಚೆ ೨೦೧೫ರ ನವೆಂಬರ್ ೧೪ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ. ಗೆಳೆಯ ಚಪ್ಪಲಿ ಬಿಟ್ಟು ಕೈಮುಗಿದ. ಓಡುತ್ತ ಬಂದ ಬಿಳಿಯ ಯುವಕನೊಬ್ಬ ಆ ಚಪ್ಪಲಿಗಳನ್ನು ತುಳಿಯದೆ ಬಳಸಿಕೊಂಡು ಹೋದ.

ತರಕಾರಿ ಅಂಗಡಿಯ ದಾರಿ

ನಾಲ್ಕನೆಯ ದಿನಕ್ಕೆ ನಾನು ಗ್ರೀನಿಚ್ಚಿನ ಯೋಜನೆ ಹಾಕಿದ್ದೆ. ಅವನು ಒಪ್ಪಲಿಲ್ಲ. “ನೀನು ದಿನವೂ ಎಲ್ಲಿ ನಡೆಯುತ್ತೀಯೋ ಅಲ್ಲಿಗೆ ಕರೆದುಕೊಂಡು ಹೋಗು” ಎಂದ.

ಈಸ್ಟ್ ಹ್ಯಾಮ್‌ನಲ್ಲಿ ತೋರಿಸಲು ಏನಿದೆ? ತಮಿಳು ಅಕ್ಷರಗಳ ಫಲಕ ಹೊತ್ತ ಅಂಗಡಿಗಳು, ಬುಟ್ಟಿಯಲ್ಲಿ ನುಗ್ಗೆಕಾಯಿ, ಕರಿಬೇವು. ತರಕಾರಿಯಂಗಡಿಯವರು ಯಾಳ್ಪಾಣದ ಕಡೆಯ ತಮಿಳರು. ಗೆಳೆಯ ಊರಿನಿಂದ ಬಂದವನೆಂದು ತಿಳಿದು ಒಂದು ಕಟ್ಟು ಕೊತ್ತಂಬರಿಯನ್ನು ಕೊಸರು ಹಾಕಿದರು. ಪಕ್ಕದ ಮನೆಯ ಇಂಗ್ಲಿಷ್ ವೃದ್ಧೆಗೆ ಮೊಣಕಾಲು ನೋವು. ವಾರಕ್ಕೊಮ್ಮೆ ಅವರ ಕಸದ ಡಬ್ಬಿಯನ್ನು ರಸ್ತೆಗೆ ಎಳೆದಿಡುವುದು ನನ್ನ ಪಾಲಿನ ಕೆಲಸ. ಕೊನೆಗೆ ಉದ್ಯಾನದ ಒಂದು ಬೆಂಚು. ರಾತ್ರಿಪಾಳಿ ಮುಗಿಸಿ ನನ್ನಾಕೆ ಹಗಲು ಮಲಗಿದಾಗ ಸದ್ದಾಗಬಾರದೆಂದು ನಾನು ಬಂದು ಕುಳಿತುಕೊಳ್ಳುವ ಸ್ಥಳ.

“ಇಲ್ಲಿ ಕೂತು ಏನು ಮಾಡುತ್ತೀಯ?”

“ಪಾಠ ಹೇಳುತ್ತೇನೆ. ಪಂಪನ ಒಂದು ಪದ್ಯ ಎತ್ತಿಕೊಂಡು, ತರಗತಿಯಲ್ಲಿ ಹೇಗೆ ಬಿಡಿಸಿ ಹೇಳುತ್ತಿದ್ದೆನೋ ಹಾಗೆಯೇ. ಬಾಯಿ ಮರೆತುಹೋಗಬಾರದಲ್ಲ.”

ಅವನು ನಗಲಿಲ್ಲ. ಪಕ್ಕದಲ್ಲಿ ಕುಳಿತು, “ಸರಿ, ಇವತ್ತು ನಾನಿದ್ದೇನೆ. ಹೇಳು” ಎಂದ. ಒಂದು ಗಂಟೆ ಹೇಳಿದೆ. ನಡುವೆ ಎರಡು ಪ್ರಶ್ನೆಗಳನ್ನೂ ಕೇಳಿದ, ಒಳ್ಳೆಯ ವಿದ್ಯಾರ್ಥಿಯಂತೆ.

ಮಕ್ಕಳು ಪರದೇಶಗಳಲ್ಲಿರುವ ಕುಟುಂಬಗಳು ಈಗ ನಮ್ಮಲ್ಲಿ ಬಹಳ. ರಜೆಯಲ್ಲಿ ಅಲ್ಲಿಗೆ ಹೊರಡುವ ಹಿರಿಯರಿಗೆ ನನ್ನದೊಂದು ಬಿನ್ನಹ: ಸೇತುವೆ, ಗೋಪುರ, ಅರಮನೆಗಳನ್ನು ಅವಶ್ಯವಾಗಿ ನೋಡಿ. ಆದರೆ ಒಂದು ದಿನವನ್ನು ತರಕಾರಿ ಅಂಗಡಿಯ ದಾರಿಗೆ ಮೀಸಲಿಡಿ. ನಿಮ್ಮ ಮಗನೋ ಮಗಳೋ ವಾಸವಾಗಿರುವುದು ಆ ದಾರಿಯಲ್ಲಿ. ಮಕ್ಕಳಿಗೂ ಅದೇ ಮಾತು: ತೋರಿಸಲು ಸಂಕೋಚ ಬೇಡ.

ಗೆಳೆಯ ಊರು ಸೇರಿದ ವಾರಕ್ಕೆ ತಾಯಿಯ ಫೋನು ಬಂತು. ಬೇಸಗೆಯ ಗಡಿಯಾರದಲ್ಲಿ ನಾವು ಊರಿಗಿಂತ ನಾಲ್ಕೂವರೆ ಗಂಟೆ ಹಿಂದೆ; ಇಲ್ಲಿ ನಡುಹಗಲು, ಅಲ್ಲಿ ದೀಪ ಹಚ್ಚುವ ಹೊತ್ತು ಹತ್ತಿರವಾಗಿತ್ತು. ಸೇತುವೆಯ ಮಾತಿಲ್ಲ, ಹುಲಿಯ ಮಾತಿಲ್ಲ.

“ಆ ಪಕ್ಕದ ಮನೆಯ ಅಮ್ಮನ ಮೊಣಕಾಲು ಈಗ ಹೇಗಿದೆಯಪ್ಪ?” ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಾರ್ಕಿನಲ್ಲಿ ಒಬ್ಬನೇ ಪಾಠ ಹೇಳಬೇಡವೋ. ನನಗೇ ಫೋನು ಮಾಡಿ ಹೇಳು. ಅರ್ಥವಾಗದಿದ್ದರೂ ಕೇಳುತ್ತೇನೆ” ಎಂದರು.