ಗಾಯದ ರಕ್ತ ನಿಲ್ಲುವ ಬಗೆ

ಮರಗಸಿ ಮತ್ತು ಅಡಿಕೆ ಸುಲಿತದ ದಿನಗಳಲ್ಲಿ ಒಬ್ಬರಾದರೂ ಕೈ ಕೊಯ್ದುಕೊಳ್ಳದ ತೋಟವಿಲ್ಲ. ಗಾಯಕ್ಕೆ ಕಾಫಿಪುಡಿ ಮೆತ್ತುವ ರೂಢಿ ನಮ್ಮಲ್ಲಿ ಇನ್ನೂ ಉಂಟು. ಕಾಫಿಯ ಬಗ್ಗೆ ನಮಗೂ ಅಭಿಮಾನವಿದೆ. ಆದರೆ ಅದರ ಜಾಗ ಲೋಟವೇ ಹೊರತು ಗಾಯವಲ್ಲವೆಂದು ಸದಸ್ಯ ಬಾಂಧವರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ರಕ್ತವನ್ನು ನಿಲ್ಲಿಸುವ ಏರ್ಪಾಡು ರಕ್ತದಲ್ಲಿಯೇ ಇದೆ.

ರಕ್ತನಾಳ ತುಂಡಾದೊಡನೆ ಮೊದಲು ಆ ನಾಳವೇ ಮುದುಡಿ ಕಿರಿದಾಗುತ್ತದೆ. ಅನಂತರ ಕಿರುತಟ್ಟೆಗಳ ಸರದಿ. ವೈದ್ಯರು ಪ್ಲೇಟ್‌ಲೆಟ್ ಎನ್ನುವ ಇವು ಮೂಳೆಯ ಮಜ್ಜೆಯಲ್ಲಿ ಹುಟ್ಟುವಂಥವು, ಕೆಂಪು ಕಣಗಳಿಗಿಂತಲೂ ಚಿಕ್ಕವು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಧಾರಣವಾಗಿ 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಆಯುಸ್ಸು 8-10 ದಿನ ಮಾತ್ರ. ಇವುಗಳ ಕೆಲಸವನ್ನು 1882ರಲ್ಲಿ ವಿವರಿಸಿದವರು ಇಟಲಿಯ ಬಿಜ್ಜೊಜೆರೊ ಎಂಬ ವಿಜ್ಞಾನಿ. ನಾಳದ ಒಳಗೋಡೆ ನುಣುಪಾಗಿರುವ ತನಕ ಸುಮ್ಮನೆ ಹರಿದುಹೋಗುವ ಕಿರುತಟ್ಟೆಗಳು, ಗೋಡೆ ಹರಿದು ಅಡಿಯ ನಾರು ಬಯಲಾದೊಡನೆ ಅದಕ್ಕೆ ಅಂಟಿಕೊಳ್ಳುತ್ತವೆ. ಅಂಟಿದವು ಕೆಲವು ರಾಸಾಯನಿಕಗಳನ್ನು ಬಿಟ್ಟು ಉಳಿದವನ್ನೂ ಸೆಳೆಯುತ್ತವೆ. ಹೀಗೆ ತೂತಿಗೆ ಒಂದು ಬೆಣೆ ಸಿದ್ಧವಾಗುತ್ತದೆ.

ಆದರೆ ಇದು ಸಡಿಲವಾದ ಬೆಣೆ. ತೋಡಿನ ಕಟ್ಟ ಒಡೆದಾಗ ಮೊದಲು ಎಸೆದ ಮಣ್ಣಹೆಂಟೆಗಳ ಹಾಗೆ, ಹಿಡಿದು ನಿಲ್ಲಿಸುವ ತಡಿಕೆ ಇಲ್ಲದಿದ್ದರೆ ಕೊಚ್ಚಿಹೋಗುತ್ತದೆ. ಆ ತಡಿಕೆಯೇ ಫೈಬ್ರಿನ್. ರಕ್ತರಸದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನು, ಥ್ರಾಂಬಿನ್ ಎಂಬ ಕಿಣ್ವದಿಂದ ನೂಲುನೂಲಾಗಿ ಬಲೆ ಹೆಣೆಯುತ್ತದೆ. ಅದರಲ್ಲಿ ಕೆಂಪು ಕಣಗಳು ಸಿಕ್ಕಿ ಹೆಪ್ಪು ಗಟ್ಟಿಯಾಗುತ್ತದೆ. ಇದಕ್ಕೆ ಕ್ಯಾಲ್ಸಿಯಂ ಬೇಕು, ನಿಜ. ಆದರೆ ಅದು ರಕ್ತದಲ್ಲಿಯೇ ಇದೆ. ಎಲೆಯಡಿಕೆಯ ಸುಣ್ಣವನ್ನು ಗಾಯಕ್ಕೆ ಬಳಿಯಬೇಕಾಗಿಲ್ಲ.

ಇಷ್ಟೆಲ್ಲ ನಡೆಯಲು ಕೆಲವು ನಿಮಿಷ ಹಿಡಿಯುತ್ತದೆ. ಆದ್ದರಿಂದ ಗಾಯದ ಮೇಲೆ ಶುಭ್ರವಾದ ಬಟ್ಟೆಯಿಟ್ಟು 10 ನಿಮಿಷ ಬಿಗಿಯಾಗಿ ಒತ್ತಿಹಿಡಿಯಬೇಕು. ನಿಂತಿತೇ ಎಂದು ನಡುವೆ ಎತ್ತಿ ನೋಡಿದರೆ ಹೆಣೆದ ಬಲೆಯನ್ನು ನಾವೇ ಕಿತ್ತಂತೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತುವುದು. ರಕ್ತ ಚಿಮ್ಮುತ್ತಿದ್ದರೆ ಒತ್ತಿದ ಕೈ ತೆಗೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಕಾಫಿಪುಡಿ ಹಾಕಿದ್ದರೆ ಹೊಲಿಗೆಗೆ ಮೊದಲು ವೈದ್ಯರು ಅದನ್ನೆಲ್ಲ ತೊಳೆಯಬೇಕಾಗುತ್ತದೆ. ಗಾಯ ಕೀವಾಗುವ ಭಯವೂ ಇದೆ. ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ಅಲ್ಲಿ ತಪ್ಪದೆ ವಿಚಾರಿಸಬೇಕು.

ಮಳೆಗಾಲದಲ್ಲಿ ಇಂಬಳ ಕಚ್ಚಿದ ಕಡೆ ಬಹಳ ಹೊತ್ತು ರಕ್ತ ಸೋರುವುದೇಕೆ ಎಂದು ಕೇಳುವವರುಂಟು. ಹೆಪ್ಪುಗಟ್ಟದಂತೆ ತಡೆಯುವ ವಸ್ತು ಅದರ ಜೊಲ್ಲಿನಲ್ಲಿದೆ. ಹೃದ್ರೋಗಕ್ಕೆ ಆಸ್ಪಿರಿನ್ ನುಂಗುವವರಲ್ಲಿಯೂ ಕಿರುತಟ್ಟೆಗಳು ಬೇಗ ಒಂದಕ್ಕೊಂದು ಅಂಟುವುದಿಲ್ಲ. ಅಂಥವರ ಗಾಯವನ್ನು ಇನ್ನಷ್ಟು ಹೊತ್ತು ಒತ್ತಬೇಕು. ಕೊಳಕುಮಂಡಲದ ವಿಷವಂತೂ ಹೆಪ್ಪಿನ ಸಾಮಗ್ರಿಯನ್ನೇ ಬರಿದುಮಾಡುತ್ತದೆ. ಹಾವು ಕಚ್ಚಿದವರ ರಕ್ತವನ್ನು ವೈದ್ಯರು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುವುದು, ಅದು ಹೆಪ್ಪುಗಟ್ಟುತ್ತದೆಯೇ ಇಲ್ಲವೇ ಎಂದು ತಿಳಿಯುವುದಕ್ಕಾಗಿ.