ಸರ್ವರ್‌ನ ಕಡತ ತೆರೆಯದಿದ್ದಾಗ: ವರ್ತಕರು ಗಮನಿಸಬೇಕಾದ ಅಂಶಗಳು

ಬಿಳಿಗಿರಿರಂಗನ ಬೆಟ್ಟದ ಸೀಮೆಯ ಯಳಂದೂರು, ರೇಷ್ಮೆಗೆ ಹೆಸರಾದ ಕೊಳ್ಳೇಗಾಲ ಮುಂತಾದ ಊರುಗಳಲ್ಲಿ ಮನೆಯೂ ಮಳಿಗೆಯೂ ಒಂದೇ ಸೂರಿನಡಿ ಇರುವುದುಂಟು. ಅಲ್ಲಿನ ಪುಟ್ಟ ಸರ್ವರ್‌ನಲ್ಲಿರುವ ಬಿಲ್ಲು, ದಾಸ್ತಾನು ಪಟ್ಟಿಗಳು ತೆರೆಯದಿದ್ದರೆ ವಹಿವಾಟೇ ಸ್ಥಗಿತಗೊಳ್ಳುತ್ತದೆ. ಆಗ ಆತುರಪಡದೆ ಕೆಳಕಂಡ ಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ.

1. ಸಂಪರ್ಕ: ಕೇಬಲ್ ಹಾಗೂ ರೂಟರ್ ದೀಪಗಳನ್ನು ನೋಡಿರಿ. ಗಣಕದ ಐಪಿ ವಿಳಾಸ 169.254 ಎಂದು ಆರಂಭವಾದರೆ ಅದಕ್ಕೆ ರೂಟರ್‌ನಿಂದ ವಿಳಾಸ ದೊರೆತಿಲ್ಲವೆಂದರ್ಥ.

2. ವಿಳಾಸ: ಸರ್ವರ್‌ನ ಈಗಿನ ವಿಳಾಸವನ್ನು ರೂಟರ್‌ನ ಪಟ್ಟಿಯಲ್ಲಿ ನೋಡಿ, ಹೆಸರಿನ ಬದಲು ಅದರಿಂದಲೇ ಫೋಲ್ಡರ್ ತೆರೆಯಿರಿ. ತೆರೆದರೆ ದೋಷವಿರುವುದು ಹೆಸರು ಗುರುತಿಸುವಲ್ಲಿ. ವಿದ್ಯುತ್ ಹೋಗಿ ಬಂದಾಗ ವಿಳಾಸ ಬದಲಾಗುವ ಸಂಭವವಿರುವುದರಿಂದ ಸರ್ವರ್‌ಗೆ ಒಂದು ವಿಳಾಸವನ್ನು ಕಾಯ್ದಿರಿಸಿರಿ.

3. ಫೈರ್‌ವಾಲ್: ಕಡತ ಹಂಚಿಕೆಗೆ 445ನೇ ಪೋರ್ಟ್ ಮಳಿಗೆಯೊಳಗಿನ ಜಾಲದಲ್ಲಿ ತೆರೆದಿರಬೇಕು, ಅಂತರ್ಜಾಲಕ್ಕೆ ಎಂದಿಗೂ ತೆರೆಯಬಾರದು.

4. ಆವೃತ್ತಿ: 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಪಿಡುಗು ಹರಡಿದ್ದು ಎಸ್‌ಎಂಬಿ ಮೊದಲ ಆವೃತ್ತಿಯ ಲೋಪದ ಮೂಲಕ. ಅದೇ ವರ್ಷದ ಕೊನೆಯಿಂದ ಹೊಸದಾಗಿ ಸ್ಥಾಪಿಸುವ ವಿಂಡೋಸ್‌ನಲ್ಲಿ ಆ ಆವೃತ್ತಿ ಚಾಲನೆಯಲ್ಲಿರುವುದಿಲ್ಲ. ಹೊಸ ಗಣಕ ಕೊಂಡೊಡನೆ ಹಳೆಯ ಸರ್ವರ್ ಮೌನವಾಗಲು ಇದೇ ಕಾರಣವಿರಬಹುದು. ಹಳೆಯ ಆವೃತ್ತಿಯನ್ನು ಮರಳಿ ಚಾಲನೆಗೊಳಿಸುವುದು ಸುಲಭ, ಆದರೆ ಅಪಾಯಕರ. ಸರ್ವರ್‌ನ ತಂತ್ರಾಂಶವನ್ನು ನವೀಕರಿಸುವುದೇ ಸರಿಯಾದ ಮಾರ್ಗ.

5. ಗುಪ್ತಪದ: ಅತಿಥಿ ಪ್ರವೇಶವನ್ನು ನೆಚ್ಚದೆ ಪ್ರತಿಯೊಬ್ಬ ನೌಕರನಿಗೂ ಪ್ರತ್ಯೇಕ ಹೆಸರು, ಗುಪ್ತಪದ ನೀಡಿರಿ.

ಲೆಕ್ಕಪತ್ರಗಳ ಮತ್ತೊಂದು ಪ್ರತಿ ಜಾಲದಿಂದ ಬೇರ್ಪಡಿಸಿದ ಡಿಸ್ಕಿನಲ್ಲಿರಲಿ. ಸರ್ವರ್ ಕೆಟ್ಟರೂ ವ್ಯಾಪಾರ ಕೆಡಬಾರದು.