ಬೀಟು ಬಲ್ಲವರ ನಡುವೆ

ಮಂಗಳೂರಿನ ಒಂದು ಅಂಚೆ ಕಚೇರಿಯಲ್ಲಿ, ಬೆಳಗಿನ ಟಪಾಲು ಚೀಲಗಳನ್ನು ಬಿಚ್ಚಿ ಕಾಗದಗಳನ್ನು ಬೀಟುವಾರು, ಅಂದರೆ ಒಬ್ಬೊಬ್ಬ ಪೋಸ್ಟ್‌ಮನ್ನನ ಬಟವಾಡೆಯ ಸರಹದ್ದಿನ ಪ್ರಕಾರ, ವಿಂಗಡಿಸುವ ಹೊತ್ತಿನಲ್ಲಿ, ಮೂಲೆಯ ಬೆಂಚೊಂದರಲ್ಲಿ ಕುಳಿತಿದ್ದ ನನ್ನ ಕಣ್ಣೆದುರಿನಲ್ಲೇ ನಡೆದ ಚಮತ್ಕಾರವನ್ನು ಮೊದಲು ಹೇಳಿಬಿಡುವೆನು. ಸಿಬ್ಬಂದಿ ಕಡಿತದ ವೃತ್ತಾಂತ ತುಸು ತಡವಾಗಿ ಬಂದರೂ ನಷ್ಟವಿಲ್ಲ. ಕುವೈತಿನ ಮುದ್ರೆಯಿದ್ದ ಲಕೋಟೆಯೊಂದರ ಮೇಲೆ ‘ಶ್ರೀಮತಿ ಡಿಸೋಜ, ಇಗರ್ಜಿಯ ಹತ್ತಿರ, ಬಿಜೈ’ ಎಂಬಷ್ಟೇ ವಿಳಾಸವಿತ್ತು. ಬಿಜೈ ಇಗರ್ಜಿಯ ಆಸುಪಾಸಿನ ಡಿಸೋಜರನ್ನು ಎಣಿಸಹೊರಟವನು ಮಧ್ಯಾಹ್ನದ ಊಟವನ್ನು ಮರೆಯಬೇಕಾದೀತು. ನಿವೃತ್ತಿಗೆ ಹತ್ತಿರವಾಗಿದ್ದ ಪೋಸ್ಟ್‌ಮನ್ನರು ಲಕೋಟೆಯ ಮುಖವನ್ನು ಬಿಟ್ಟು ಬೆನ್ನನ್ನು ನೋಡಿದರು. ಆ ಕಡೆ ಕುವೈತಿನಲ್ಲಿ ಮಕ್ಕಳಿರುವ ಡಿಸೋಜರು ಮೂವರೆಂದೂ, ಅವರ ಪೈಕಿ ಇನ್ನೂ ಕೈಯಿಂದ ಕಾಗದ ಬರೆಯುವ ಮಗನುಳ್ಳ ತಾಯಿ ಒಬ್ಬಾಕೆಯೇ ಎಂದೂ, ಆಕೆ ಮಳೆಗಾಲ ಕಳೆಯಲು ಕುಲಶೇಖರದ ಮಗಳ ಮನೆಗೆ ಹೋದವರು ಇನ್ನೂ ಹಿಂದಿರುಗಿಲ್ಲವೆಂದೂ ಕ್ಷಣಾರ್ಧದಲ್ಲಿ ನಿರ್ಣಯಿಸಿ, ಲಕೋಟೆಯನ್ನು ಕುಲಶೇಖರದ ಕಟ್ಟಿಗೆ ಸೇರಿಸಿಬಿಟ್ಟರು.

ಇಂತಹ ವಿದ್ಯಾವಂತರ ಸಂಖ್ಯೆ ಕ್ಷೀಣಿಸುತ್ತಿರುವ ರೀತಿಯಾದರೋ ಸದ್ದಿಲ್ಲದ್ದು. ಪಾರ್ಸೆಲ್ ಸಾಗಿಸುವ ಅಮೆರಿಕದ ಯುಪಿಎಸ್ ಸಂಸ್ಥೆಯು 2025ರಲ್ಲಿ 48,000 ಉದ್ಯೋಗಗಳನ್ನು ಕಡಿತಗೊಳಿಸಿ ಆ ಲೆಕ್ಕವನ್ನು ಷೇರುದಾರರ ಮುಂದಿರಿಸಿತು. 1624ರಷ್ಟು ಹಳೆಯದಾದ ಡೆನ್ಮಾರ್ಕಿನ ಅಂಚೆಯು ಅದೇ ವರ್ಷದ ಮಾರ್ಚ್ ತಿಂಗಳಲ್ಲಿ, ವರ್ಷಾಂತ್ಯಕ್ಕೆ ಕಾಗದದ ಬಟವಾಡೆಯನ್ನೇ ನಿಲ್ಲಿಸುವುದಾಗಿಯೂ 4,600 ಹುದ್ದೆಗಳ ಪೈಕಿ 1,500ನ್ನು ತೆಗೆಯುವುದಾಗಿಯೂ ಬಹಿರಂಗವಾಗಿ ಸಾರಿತು. ನಮ್ಮ ಅಂಚೆಯಲ್ಲಿ ಯಾರನ್ನೂ ಮನೆಗೆ ಕಳುಹಿಸುವ ಪದ್ಧತಿಯಿಲ್ಲ; ನಿವೃತ್ತನಾದವನಿಗೆ ಶಾಲು ಹೊದೆಸಿ, ಹಾರ ಹಾಕಿ, ಫೋಟೋ ತೆಗೆಸಿ, ಬಳಿಕ ಅವನ ಸ್ಥಾನವನ್ನು ತುಂಬದೆ ಬಿಟ್ಟರೆ ಕಡಿತ ಸಾಂಗವಾಗಿ ಮುಗಿಯಿತು. ಇದಕ್ಕೆ ಶಾಸ್ತ್ರಾಧಾರವನ್ನು ಒದಗಿಸಿದ್ದು ಕೇಂದ್ರ ಸರ್ಕಾರದ 2001ರ ಮೇ 16ರ ಆಜ್ಞೆ. ನೇರ ನೇಮಕಾತಿಯ ತೆರವುಗಳಲ್ಲಿ ಮೂರನೆಯ ಒಂದು ಭಾಗವನ್ನು ಮಾತ್ರ, ಅದೂ ಮಂಜೂರಾದ ಒಟ್ಟು ಹುದ್ದೆಗಳ ಶೇಕಡಾ 1ನ್ನು ಮೀರದಂತೆ, ತುಂಬತಕ್ಕದ್ದೆಂಬ ಆ ನಿಯಮ 2009ರವರೆಗೆ ಎಲ್ಲ ಇಲಾಖೆಗಳ ಮೇಲೂ ಊರ್ಜಿತವಾಗಿತ್ತು. ಕಡತದ ಕಚೇರಿಯಲ್ಲಿ ಒಬ್ಬ ಗುಮಾಸ್ತನಿಲ್ಲದಿದ್ದರೆ ಕಡತ ಕಾದೀತು, ಆದರೆ ಪೋಸ್ಟ್‌ಮನ್ ಇಲ್ಲದ ಬೀಟನ್ನು ಪಕ್ಕದ ಬೀಟಿನವನು ಆ ದಿನವೇ ತುಳಿಯಬೇಕು. ಅದಕ್ಕೆ ಅವರಲ್ಲಿ ‘ಕಂಬೈಂಡ್ ಡ್ಯೂಟಿ’ ಎಂದು ಹೆಸರು. ಕೆಲಸ ಹೋದೀತೆಂಬ ಭಯವನ್ನು ಆ ಕೋಣೆಯಲ್ಲಿ ನಾನು ಎಲ್ಲಿಯೂ ಕಾಣಲಿಲ್ಲ. ಕೆಲಸ ಇಮ್ಮಡಿಯಾದೀತೆಂಬ ಭಯವನ್ನು ಮಾತ್ರ ಪ್ರತಿಯೊಬ್ಬರಲ್ಲಿಯೂ ಕಂಡೆನು.

ವಿಳಾಸದ ವಿದ್ಯೆಯನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ತುಳು, ಕೊಂಕಣಿ, ಬ್ಯಾರಿ, ಕನ್ನಡ ನಾಲ್ಕೂ ಒಂದೇ ಗೇಟಿನೆದುರು ಸಂಧಿಸುವ ಈ ನಗರದಲ್ಲಿ ಮನೆಯ ನಂಬರಿಗಿಂತ ಮನೆಯ ಹೆಸರಿಗೆ ಮಾನ್ಯತೆ ಅಧಿಕ. ರಥಬೀದಿಯ ಕಡೆಯ ಮನೆಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ರೂಢಿಯಿಂದಾಗಿ ಒಂದೇ ಹೆಸರಿನ ಇಬ್ಬರು ಪೈಗಳೋ ಕಾಮತರೋ ಒಂದೇ ಸೂರಿನಡಿ ವಾಸಿಸುವುದುಂಟು. ಪಿಂಚಣಿಯ ಕಾಗದ ಅಜ್ಜನದು, ಬ್ಯಾಂಕಿನ ಸಾಲದ ನೋಟಿಸು ಮೊಮ್ಮಗನದು ಎಂಬ ವಿವೇಕ ಪೋಸ್ಟ್‌ಮನ್ನನಿಗಲ್ಲದೆ ಇನ್ನಾರಿಗಿದ್ದೀತು? 1972ರ ಆಗಸ್ಟ್ 15ರಂದು ಬಂದ ಪಿನ್ ಸಂಖ್ಯೆಯು ಕಾಗದವನ್ನು ಪಾಂಡೇಶ್ವರದ ಪ್ರಧಾನ ಕಚೇರಿಯ 575001ಕ್ಕೋ ಕೊಡಿಯಾಲಬೈಲಿನ 575003ಕ್ಕೋ ಮುಟ್ಟಿಸಿ ಕೈತೊಳೆದುಕೊಳ್ಳುತ್ತದೆ. ಅಲ್ಲಿಂದಾಚೆಯ ಒಂದೆರಡು ಮೈಲಿಯನ್ನು ಗೆಲ್ಲಲೆಂದು ಅಂಚೆ ಇಲಾಖೆಯು ಹೈದರಾಬಾದಿನ ಐಐಟಿ ಹಾಗೂ ಇಸ್ರೋದ ದೂರಸಂವೇದಿ ಕೇಂದ್ರದೊಡನೆ ಕೂಡಿ 2025ರ ಮೇ ತಿಂಗಳಲ್ಲಿ ‘ಡಿಜಿಪಿನ್’ ಎಂಬ ಹತ್ತಕ್ಷರದ ಸಂಕೇತವನ್ನು ಹೊರತಂದಿದೆ. ದೇಶದ ಇಡೀ ನೆಲವನ್ನು ಸುಮಾರು ನಾಲ್ಕು ಮೀಟರು ಉದ್ದಗಲದ ಚೌಕಗಳಾಗಿ ಗೆರೆ ಎಳೆದು ಒಂದೊಂದಕ್ಕೂ ಒಂದು ಗುರುತನ್ನಿತ್ತ ಸಾಹಸ ಅದು. ಸಾಹಸವನ್ನು ಮೆಚ್ಚದಿರಲಾರೆ. ಆದರೆ ಅಕ್ಷಾಂಶ ರೇಖಾಂಶಗಳಿಂದಷ್ಟೇ ಹುಟ್ಟಿದ ಆ ಚೌಕಕ್ಕೆ ಎತ್ತರವೆಂಬುದಿಲ್ಲ. ಹಂಚಿನ ಮನೆಗಳನ್ನು ಕೆಡವಿ ಬಹುಮಹಡಿಗಳನ್ನೆಬ್ಬಿಸಿರುವ ಮಂಗಳೂರಿನಲ್ಲಿ ಎರಡನೆಯ ಮಹಡಿಯ ಶೆಟ್ಟರಿಗೂ ಹನ್ನೆರಡನೆಯ ಮಹಡಿಯ ರಾಯರಿಗೂ ಒಂದೇ ಸಂಕೇತ. ಈ ಆಕ್ಷೇಪವನ್ನು ಮುಂದಿಟ್ಟಾಗ ಹಿರಿಯ ಪೋಸ್ಟ್‌ಮನ್ನರು ನಕ್ಕು, “ಅದು ಜಾಗ ತೋರಿಸ್ತದೆ ಮಾರ್ರೆ, ಯಾರ ಮನೆ ಅಂತ ಹೇಳ್ತದಾ?” ಎಂದರು.

ಅವರೊಡನೆ ತಲೆದೂಗಿದೆನಾದರೂ ಪೂರ್ಣ ಸಮ್ಮತಿ ನನಗಿಲ್ಲ. ಒಬ್ಬನ ತಲೆಯಲ್ಲಿ ಮಾತ್ರ ನೆಲೆಸಿರುವ ಭೂಪಟವು ಆತ ಜ್ವರದಿಂದ ಮಲಗಿದ ದಿನ ಅವನೊಡನೆಯೇ ಮಲಗುವುದಷ್ಟೆ. ಪಕ್ಕದಲ್ಲಿ ಕಾಗದ ಜೋಡಿಸುತ್ತಿದ್ದ ತರುಣನೊಬ್ಬ, ಬೇರೊಂದು ಪರೀಕ್ಷೆಗೆ ಓದುತ್ತ ಈ ಹುದ್ದೆಯನ್ನು ತಂಗುದಾಣವೆಂದು ಭಾವಿಸಿದವನು, ಹಿರಿಯರ ಈ ವಿದ್ಯೆಗೆ ಗೌರವ ಸಲ್ಲಿಸುತ್ತಲೇ, ಅದು ತನಗೆ ಬೇಡವೆಂದು ನಿಸ್ಸಂಕೋಚವಾಗಿ ತಿಳಿಸಿದನು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯು ಸ್ಪೀಡ್ ಪೋಸ್ಟಿನಲ್ಲಿ ಲೀನವಾದದ್ದಕ್ಕೆ ಹಿರಿಯರು ಬಂಧುವಿಯೋಗದಷ್ಟು ಮರುಗುತ್ತಿದ್ದರೆ, ಈತನಿಗೆ ಅದು ತುಂಬಬೇಕಾದ ನಮೂನೆ ಒಂದು ಕಡಿಮೆಯಾದ ಸಮಾಚಾರ.

ಇವರಿಬ್ಬರಿಗಿಂತ ನನ್ನನ್ನು ಹೆಚ್ಚು ಯೋಚನೆಗೀಡುಮಾಡಿದವರು ನಗರದ ಹೊರವಲಯದ ಒಬ್ಬ ಗ್ರಾಮೀಣ ಡಾಕ್ ಸೇವಕಿ. ದೇಶದಲ್ಲಿ ಎರಡೂವರೆ ಲಕ್ಷಕ್ಕೆ ಮೀರಿರುವ ಈ ವರ್ಗದವರು ಸರ್ಕಾರದ ಕೆಲಸದಲ್ಲಿದ್ದೂ ಖಾಯಂ ನೌಕರರ ಪಂಕ್ತಿಯಲ್ಲಿಲ್ಲ. ದಿನಕ್ಕೆ ನಾಲ್ಕೈದು ಗಂಟೆಯ ದುಡಿಮೆ, ಉಳಿದ ಹೊಟ್ಟೆಪಾಡಿಗೆ ಬೇರೆ ದಾರಿಯನ್ನು ಹೊಂದಿರಬೇಕೆಂಬ ಷರತ್ತು. 2018ರ ಮೇ 22ರಿಂದ ಅವರು ಮುಷ್ಕರ ಹೂಡಿದ ಬಳಿಕ, ಜೂನ್ 6ರಂದು ಕೇಂದ್ರ ಸಂಪುಟವು ಕಮಲೇಶ್ ಚಂದ್ರ ಸಮಿತಿಯ ವರದಿಯನ್ನಾಧರಿಸಿ ಭತ್ಯೆಯನ್ನೇರಿಸಿದಾಗ ನಾಲ್ಕು ಗಂಟೆಯ ಡಾಕ್ ಸೇವಕರಿಗೆ ದೊರೆತ ಕನಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಡಿಜಿಪಿನ್ನಿನ ವಿಷಯವೆತ್ತಿದೊಡನೆ ಆಕೆ ಕೇಳಿದ್ದು ತನ್ನ ಗುಡ್ಡದ ಬದಿಯಲ್ಲಿ ನೆಟ್‌ವರ್ಕ್ ಯಾವಾಗ ಬರುವುದೆಂದು. ಪೋಸ್ಟ್‌ಮನ್ ಹುದ್ದೆಗೆ ನಡೆಯುವ ಇಲಾಖಾ ಪರೀಕ್ಷೆಗೆ ಆಕೆ ಓದುತ್ತಿದ್ದಾರೆ. ಮಂಗಳೂರಿನಲ್ಲಿ ಸ್ಥಾನ ಸಿಗದಿದ್ದರೆ ಬೇರೆ ಯಾವ ಊರಾದರೂ ಸರಿ, ಕಂಬೈಂಡ್ ಡ್ಯೂಟಿಯಾದರೂ ಸರಿ ಎಂದು ಹೇಳಿ, ಚೀಲವನ್ನು ಸ್ಕೂಟರಿಗೆ ಬಿಗಿದು ಹೊರಟುಹೋದರು.